ನೆರಳನ್ನು ಬೆನ್ನಟ್ಟಿದ ಹುಡುಗನೂ ಅವನ ವಾಚಕರೂ

ಗ್ರಂಥವೊಂದು ಅಚ್ಚಾಗಿ ಹೊರಬಿದ್ದ ಮೇಲೆ ಅದರ ಗುಣದೋಷಗಳನ್ನು ನಿರ್ಣಯಿಸುವ ಅಧಿಕಾರ ವಿಮರ್ಶಕರದೆಂದು ವಿದ್ವತ್ಸಭೆಗಳು ಒಪ್ಪಿಕೊಂಡು ಬಂದಿದ್ದರೂ, ಆ ಗ್ರಂಥವು ಹದಿಹರೆಯದವರಿಗಾಗಿ ಬರೆದದ್ದಾಗಿ, ಅದರಲ್ಲಿಯೂ ಮಂತ್ರಮಾಯೆಗಳ ಕಥೆಯನ್ನು ಹೇಳುವಂಥದ್ದಾಗಿದ್ದ ಪಕ್ಷದಲ್ಲಿ, ಸಾಮಾನ್ಯ ಓದುಗರು ಯಾರ ಅಪ್ಪಣೆಯನ್ನೂ ಕೇಳದೆ ಆ ಅಧಿಕಾರವನ್ನು ತಮ್ಮ ಕೈಗೆ ತೆಗೆದುಕೊಂಡುಬಿಡುತ್ತಾರೆ. ಹದಿಮೂರು ವರ್ಷದ ವಾಚಕನಿಗೆ ದಾಕ್ಷಿಣ್ಯವೆಂಬುದಿಲ್ಲ. ಬೇಸರವಾದರೆ ಪುಸ್ತಕವನ್ನು ಮುಚ್ಚಿಡುತ್ತಾನೆ, ಹಿಡಿಸಿದರೆ ಊಟದ ತಟ್ಟೆಯ ಪಕ್ಕದಲ್ಲಿಯೂ ತೆರೆದಿಟ್ಟುಕೊಳ್ಳುತ್ತಾನೆ, ತಲೆ ನರೆತ ಮೇಲೆ ಅದನ್ನೇ ಪುನಃ ಓದಿ ತನ್ನ ಬಾಲ್ಯದ ತೀರ್ಪಿನ ಮೇಲೆ ತಾನೇ ಅಪೀಲು ಹೂಡುವುದೂ ಉಂಟು. ಹೀಗೆ ಒಂದು ತಲೆಮಾರಿನಿಂದ ಇನ್ನೊಂದು ತಲೆಮಾರಿಗೆ ಮುಂದೆ ಬಿದ್ದುಕೊಂಡು ಬರುವ ಮೊಕದ್ದಮೆಗಳಲ್ಲಿ, ನನ್ನ ತಿಳಿವಿಗೆ ಎಟುಕಿದ ಮಟ್ಟಿಗೆ, ಅಮೆರಿಕದ ಅರ್ಸುಲಾ ಕೆ. ಲೆ ಗ್ವಿನ್ ಅವರು 1968ರಲ್ಲಿ ಪ್ರಕಟಿಸಿದ ‘ಎ ವಿಝರ್ಡ್ ಆಫ್ ಅರ್ಥ್‌ಸೀ’ ಎಂಬ ಕಾದಂಬರಿಯದರಷ್ಟು ಸ್ವಾರಸ್ಯವಾದದ್ದು ಬೇರೆ ಇಲ್ಲ. ಏಕೆಂದರೆ ಇಲ್ಲಿ ಫಿರ್ಯಾದಿಗಳ ಸಾಲಿನಲ್ಲಿ ಕೊನೆಗೆ ಬಂದು ನಿಂತವರು ಸ್ವತಃ ಲೇಖಕಿಯೇ.

ಲೆ ಗ್ವಿನ್ ಅವರು 1929ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಹುಟ್ಟಿದವರು. ತಂದೆ ಆಲ್ಫ್ರೆಡ್ ಕ್ರೋಬರ್ ಮಾನವಶಾಸ್ತ್ರದಲ್ಲಿ ಪ್ರಖ್ಯಾತರಾದ ಪ್ರಾಧ್ಯಾಪಕರು. ತಾಯಿ ಥಿಯೊಡೋರಾ ಕ್ರೋಬರ್, ಯಾಹಿ ಎಂಬ ಮೂಲನಿವಾಸಿ ಕುಲದಲ್ಲಿ ಕಟ್ಟಕಡೆಗೆ ಉಳಿದ ಇಶಿ ಎಂಬವನ ವೃತ್ತಾಂತವನ್ನು 1961ರಲ್ಲಿ ಪುಸ್ತಕವಾಗಿ ಬರೆದು ಹೆಸರಾದವರು. ನಾಡಿನ ಮೂಲಜನರ ಪುರಾಣಗಳೂ ಪದ್ಧತಿಗಳೂ ದಿನಬಳಕೆಯ ಮಾತಾಗಿದ್ದ ಮನೆಯಲ್ಲಿ ಬೆಳೆದ ಮಗಳಿಗೆ, ಒಂದು ಇಲ್ಲದ ಲೋಕವನ್ನು ಅದರ ಗೀತೆ, ಗಾದೆ, ಹಬ್ಬ, ದೋಣಿಗಳ ಸಮೇತ ಕಟ್ಟಿ ನಿಲ್ಲಿಸುವುದು ಸ್ವಭಾವಸಿದ್ಧವಾಗಿಯೇ ಬಂದಿತೆನ್ನಬೇಕು. 1964ರಲ್ಲಿ ‘ಫೆಂಟಾಸ್ಟಿಕ್’ ಎಂಬ ಮಾಸಪತ್ರಿಕೆಯಲ್ಲಿ ಅಚ್ಚಾದ ಎರಡು ಸಣ್ಣ ಕಥೆಗಳಲ್ಲಿ ಅರ್ಥ್‌ಸೀ ಎಂಬ ಈ ದ್ವೀಪಲೋಕ ಮೊದಲು ತಲೆದೋರಿತು. ಅನಂತರ ಕೆಲವು ವರ್ಷಗಳಿಗೆ ಬರ್ಕ್ಲಿಯ ಪರ್ನಾಸಸ್ ಪ್ರೆಸ್ಸಿನ ಪ್ರಕಾಶಕ ಹರ್ಮನ್ ಶೈನ್, ಅದುವರೆಗೆ ಚಿಕ್ಕ ಮಕ್ಕಳ ಪುಸ್ತಕಗಳನ್ನೇ ಹೊರತರುತ್ತಿದ್ದವರು, ಸ್ವಲ್ಪ ಬೆಳೆದ ಮಕ್ಕಳಿಗೆಂದು ಏನಾದರೂ ಬರೆದುಕೊಡಬೇಕೆಂದು ಕೇಳಿಕೊಂಡರು. ಅಂಥವರಿಗಾಗಿ ಬರೆಯುವ ಯೋಚನೆಯೇ ಇರದಿದ್ದ ಲೇಖಕಿ ಮೊದಲು ಗಾಬರಿಗೊಂಡರಂತೆ. ಆಮೇಲೆ ಅವರಿಗೆ ಹೊಳೆದದ್ದು ಒಂದು ಸರಳವಾದ ಪ್ರಶ್ನೆ: ಕಥೆಗಳಲ್ಲಿ ಬರುವ ಮಾಂತ್ರಿಕರೆಲ್ಲರೂ ಮರ್ಲಿನ್ನನಂತೆ, ಗ್ಯಾಂಡಾಲ್ಫನಂತೆ ಬಿಳಿಯ ಗಡ್ಡದ ವೃದ್ಧರು, ಇವರೂ ಒಂದು ಕಾಲಕ್ಕೆ ಹುಡುಗರಾಗಿದ್ದಿರಬೇಕಲ್ಲ, ಆಗ ಇವರು ಎಂಥ ಮೂರ್ಖತನಗಳನ್ನು ಮಾಡಿದರು, ಎಲ್ಲಿ ಕಲಿತರು? ಆ ಪ್ರಶ್ನೆಯ ಬೆನ್ನು ಹಿಡಿದು, ಮೊದಲು ದ್ವೀಪಗಳ ನಕ್ಷೆಯನ್ನು ಬರೆದು, ಅದರ ಮೇಲೆ ಕಥೆಯನ್ನು ನಡೆಸಿದರು.

ಕಥೆ ತಿಳಿಯದವರಿಗೆ ಅದರ ಮೈಕಟ್ಟನ್ನಾದರೂ ಹೇಳದೆ ಮುಂದೆ ಹೋಗುವಂತಿಲ್ಲ. ಗಾಂಟ್ ಎಂಬ ಬೆಟ್ಟದ ದ್ವೀಪದಲ್ಲಿ ತಾಯಿಯಿಲ್ಲದ ಒಬ್ಬ ಹುಡುಗ. ಹಳ್ಳಿಯ ಮಾಟಗಾತಿಯಾದ ಚಿಕ್ಕಮ್ಮ ಹೇಳಿದ್ದನ್ನು ಕದ್ದು ಕೇಳಿ ಆಡುಗಳನ್ನು ಕರೆಯುತ್ತಾನೆ, ಅವು ಅವನನ್ನು ಮುತ್ತಿಕೊಂಡು ಬಿಡದೆ ಹೋಗುತ್ತವೆ. ಪರದೇಶದ ದಾಳಿಗಾರರು ಹಳ್ಳಿಯ ಮೇಲೆ ಬಿದ್ದಾಗ ಮಂಜನ್ನು ನೇಯ್ದು ಊರನ್ನು ಮರೆಮಾಡಿ ಉಳಿಸುತ್ತಾನೆ. ಒಗಿಯನ್ ಎಂಬ ಮೌನಿಯಾದ ಮಾಂತ್ರಿಕ ಅವನಿಗೆ ಗೆಡ್ ಎಂಬ ನಿಜನಾಮವನ್ನು ಕೊಟ್ಟು ಶಿಷ್ಯನನ್ನಾಗಿ ಸ್ವೀಕರಿಸುತ್ತಾನೆ. ಆದರೆ ಹುಡುಗನಿಗೆ ತಾಳ್ಮೆಯಿಲ್ಲ. ರೋಕ್ ದ್ವೀಪದ ಮಾಂತ್ರಿಕರ ವಿದ್ಯಾಶಾಲೆಗೆ ಹೊರಟುಹೋಗುತ್ತಾನೆ. ಅಲ್ಲಿ ಜಾಸ್ಪರ್ ಎಂಬ ಸಹಪಾಠಿಯ ಕೊಂಕುಮಾತಿಗೆ ಕೆರಳಿ, ಪಂತಕ್ಕಾಗಿ ಸತ್ತವಳೊಬ್ಬಳ ಆತ್ಮವನ್ನು ಆಹ್ವಾನಿಸಲು ಹೋದಾಗ, ಜಗತ್ತಿನ ಬಟ್ಟೆ ಹರಿದು, ಆ ಹರಕಿನಿಂದ ಹೆಸರಿಲ್ಲದ ಒಂದು ನೆರಳು ಹೊರಬಂದು ಅವನ ಮುಖವನ್ನು ಸಿಗಿಯುತ್ತದೆ. ಉಳಿದ ಕಥೆಯೆಲ್ಲ ಆ ನೆರಳಿನಿಂದ ಓಡುವುದು, ಕೊನೆಗೆ ಒಗಿಯನ್ನನ ಮಾತಿನಂತೆ ಹಿಂತಿರುಗಿ ಅದನ್ನೇ ಬೆನ್ನಟ್ಟುವುದು. ನೆರಳಿನ ಹೆಸರು ಏನೆಂಬುದನ್ನು ಇಲ್ಲಿ ಬಿಟ್ಟುಕೊಟ್ಟರೆ ಓದುವವರ ಸುಖಕ್ಕೆ ಅಡ್ಡಿಯಾದೀತೆಂದು ಸಂಕೋಚವಾಗುತ್ತದಾದರೂ, ಎಚ್ಚರದಿಂದ ಓದುವ ಮಗು ಅರ್ಧ ದಾರಿಯಲ್ಲಿಯೇ ಅದನ್ನು ಊಹಿಸಿಬಿಡುತ್ತದೆ: ಅದು ಅವನ ಹೆಸರೇ.

ಈ ಕಾದಂಬರಿಯ ಮೇಲೆ ಎಳೆಯ ವಾಚಕರು ಮತ್ತೆ ಮತ್ತೆ ಹೊರಿಸುವ ಮೊದಲನೆಯ ಆರೋಪ ನಿಧಾನಗತಿಯದು. ಸಂಭಾಷಣೆ ಕಡಮೆ; ಗೆಡ್ಡನ ಮನಸ್ಸಿನೊಳಕ್ಕೆ ನಮ್ಮನ್ನು ಬಿಡುವುದಿಲ್ಲ; ವರ್ಷಗಟ್ಟಲೆ ನಡೆದದ್ದನ್ನು ಒಂದು ವಾಕ್ಯದಲ್ಲಿ ಹೇಳಿ ಮುಗಿಸಿ, ಸಮುದ್ರದ ಮೇಲಿನ ಗಾಳಿಯನ್ನು ವರ್ಣಿಸಲು ಒಂದು ಪುಟವನ್ನು ವ್ಯಯಿಸುತ್ತಾರೆ; ಯುದ್ಧವಿಲ್ಲ, ಸೇನೆಯಿಲ್ಲ, ಸೋಲಿಸಬೇಕಾದ ದುಷ್ಟ ರಾಜನಿಲ್ಲ. ಈ ಆರೋಪದ ಸಂಗತಿಗಳು ಬಹುಮಟ್ಟಿಗೆ ಸತ್ಯವೆಂಬುದನ್ನು ಮೊದಲೇ ಒಪ್ಪಿಕೊಳ್ಳತಕ್ಕದ್ದು. ಆದರೆ ಅದರಿಂದ ಅವರು ತೆಗೆಯುವ ತೀರ್ಮಾನವನ್ನು ನಾನು ಒಪ್ಪಲಾರೆ. ಅದಕ್ಕೆ ಕಾರಣ ಕಾದಂಬರಿಯ ಎರಡನೆಯ ಅಧ್ಯಾಯದಲ್ಲಿಯೇ ಇದೆ.

ಗುರುವಿನ ಹಿಂದೆ ಹುಡುಗ ಮಲೆಯ ಹಾದಿಯಲ್ಲಿ ನಡೆದು ಹೋಗುತ್ತಿದ್ದಾನೆ. ಮಳೆ ಹಿಡಿದುಕೊಳ್ಳುತ್ತದೆ. ಹಳ್ಳಿಯ ಅಗ್ಗದ ಮಂತ್ರಗಾರನಿಗೂ ಮಳೆಯ ಮೋಡವನ್ನು ಪಕ್ಕಕ್ಕೆ ತಳ್ಳುವ ವಿದ್ಯೆ ಬರುತ್ತದೆ; ಹೀಗೆ ಒಬ್ಬೊಬ್ಬ ಮಂತ್ರಗಾರನೂ ತನ್ನ ತಲೆಯ ಮೇಲಿನದನ್ನು ಪಕ್ಕದವನ ತಲೆಯ ಮೇಲಕ್ಕೆ ತಳ್ಳಿ ತಳ್ಳಿ, ಆ ಬಡಮೋಡವು ಕೊನೆಗೆ ಕಡಲ ಮೇಲೆ ಹೋಗಿ ನೆಮ್ಮದಿಯಾಗಿ ಸುರಿಯಬೇಕಾಗುತ್ತದೆಂದು ಲೇಖಕಿ ನಗುತ್ತಾರೆ. ಭೂಕಂಪವನ್ನೇ ಶಮನಗೊಳಿಸಿದನೆಂದು ಖ್ಯಾತಿವೆತ್ತ ಒಗಿಯನ್ ಮಾತ್ರ ಮಳೆಯನ್ನು ಅದು ಬಿದ್ದಲ್ಲಿ ಬೀಳಲು ಬಿಟ್ಟು, ದಟ್ಟವಾದ ಒಂದು ಮರದ ಬುಡವನ್ನು ಹುಡುಕಿ ಮಲಗಿಕೊಳ್ಳುತ್ತಾನೆ. ಪಕ್ಕದ ಪೊದೆಯಲ್ಲಿ ತೊಯ್ದು ಮುದುಡಿದ ಹುಡುಗ ಮನಸ್ಸಿನಲ್ಲಿಯೇ ಕುದಿಯುತ್ತಾನೆ: ಉಪಯೋಗಿಸಲಾಗದಷ್ಟು ವಿವೇಕವಿದ್ದ ಮೇಲೆ ಶಕ್ತಿಯಿದ್ದು ಫಲವೇನು? ಪುಸ್ತಕ ನಿಧಾನವೆಂದು ದೂರುವ ವಾಚಕನ ಕುದಿತಕ್ಕೂ ಈ ಹುಡುಗನ ಕುದಿತಕ್ಕೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ. ಗುರು ಏನನ್ನೂ ಕಲಿಸುತ್ತಿಲ್ಲವೆಂದು ಗೆಡ್ ಗೊಣಗುತ್ತಾನೆ. ಪುಸ್ತಕದಲ್ಲಿ ಏನೂ ನಡೆಯುತ್ತಿಲ್ಲವೆಂದು ವಾಚಕ ಗೊಣಗುತ್ತಾನೆ. ಇಬ್ಬರ ಅಸಹನೆಯೂ ಲೇಖಕಿಗೆ ಮೊದಲೇ ಗೊತ್ತಿತ್ತು. ಆ ಅಸಹನೆಯ ಫಲವಾಗಿಯೇ ನೆರಳು ಹೊರಬೀಳುತ್ತದೆ. ಗುರುಗೃಹದಲ್ಲಿ ಹಸು ಕಾಯುತ್ತ, ಕಟ್ಟಿಗೆ ತರುತ್ತ, ಪ್ರಾಣವನ್ನೇ ಮತ್ತೆ ಮತ್ತೆ ಕಳೆದುಕೊಂಡು ಸಂಜೀವಿನಿಯನ್ನು ಪಡೆದ ಕಚನ ಕಥೆಯನ್ನು ಅಜ್ಜಿಯ ಬಾಯಲ್ಲಿ ಕೇಳಿ ಬೆಳೆದ ಕನ್ನಡದ ಓದುಗನಿಗೆ ಈ ಭಾಗ ಅಷ್ಟು ಅಪರಿಚಿತವಾಗಿ ತೋರಲಾರದು.

ಈ ಗದ್ಯ ಕಣ್ಣಿನ ಓದಿಗಿಂತ ಕಿವಿಯ ಓದಿಗೆ ಹೆಚ್ಚು ಒಗ್ಗುವಂಥದು ಎಂಬುದನ್ನೂ ಸೇರಿಸಬೇಕು. ಹಿಂದಿನವರು ವೀರರ ಕಥೆಯನ್ನು ಹೇಳುವಾಗ, ಕೇಳುವವರಿಗೆ ನಾಯಕನ ಹೆಸರು ಮೊದಲೇ ಗೊತ್ತೆಂಬ ಭರವಸೆಯಿಂದ ಹೇಗೆ ಆರಂಭಿಸುತ್ತಿದ್ದರೋ ಹಾಗೆಯೇ, ಮುಂದೆ ಮಹಾಮಾಂತ್ರಿಕನಾಗಲಿರುವವನ ಎಳೆತನದ ವೃತ್ತಾಂತವೆಂದು ಹೇಳಿಕೊಂಡೇ ಇವರೂ ಆರಂಭಿಸುತ್ತಾರೆ. ಒಬ್ಬನೇ ಮೂಲೆಯಲ್ಲಿ ಕುಳಿತು ಪುಟ ಹಾರಿಸುತ್ತ ಓದಿದ ಮಗುವಿಗೆ ಒಣಗಲೆನಿಸಿದ ಪ್ರಕರಣ, ಮನೆಯ ಹಿರಿಯರು ಗಟ್ಟಿಯಾಗಿ ಓದಿದಾಗ ತಾನಾಗಿ ಲಯ ಕಟ್ಟಿಕೊಂಡು ನಡೆಯುತ್ತದೆ. ಗೆಡ್ಡನ ಮನಸ್ಸಿನೊಳಕ್ಕೆ ಪ್ರವೇಶವಿಲ್ಲವೆಂಬ ಮಾತೂ ಪೂರ್ತಿ ನಿಜವಲ್ಲ. ದೋಣಿ ಮಾಡುವ ನೆರೆಯವನೊಬ್ಬನ ಪುಟ್ಟ ಮಗು ಜ್ವರದಲ್ಲಿ ಸಾಯುತ್ತಿರುವಾಗ, ಕೈಲಾಗದೆಂದು ಬಲ್ಲವನಾದರೂ ತಂದೆತಾಯಿಯ ದುಃಖವನ್ನು ಕಂಡು ತಡೆಯಲಾರದೆ, ಗೆಡ್ ಆ ಮಗುವಿನ ಹಿಂದೆ ಸಾವಿನ ಇಳಿಜಾರಿನಲ್ಲಿ ಬಹು ದೂರ ಹೋಗಿ, ಬರಿಗೈಯಲ್ಲಿ ಹಿಂತಿರುಗಿ, ಹೆಣದಂತೆ ಬಿದ್ದುಕೊಳ್ಳುತ್ತಾನೆ. ಅವನ ಹೆಗಲ ಮೇಲೆ ಸದಾ ಕುಳಿತಿರುತ್ತಿದ್ದ ಓಟಕ್ ಎಂಬ ಸಣ್ಣ ಕಾಡುಪ್ರಾಣಿ, ಯಾವ ಮಂತ್ರವೂ ತಿಳಿಯದ ಮೂಕಜಂತು, ಅವನ ಕೈಯನ್ನೂ ಕಪೋಲವನ್ನೂ ನೆಕ್ಕಿ ನೆಕ್ಕಿ ಜೀವಕ್ಕೆ ತರುತ್ತದೆ. ಆ ಹುಡುಗನ ಒಂಟಿತನವನ್ನು ಕುರಿತು ಇಲ್ಲಿ ಒಂದು ಶಬ್ದವೂ ಹೆಚ್ಚಾಗಿಲ್ಲ. ಆದರೂ ಓದಿದವರು ಈ ಪ್ರಾಣಿಯನ್ನು ಮರೆಯುವುದಿಲ್ಲ, ಮುಂದೆ ಅದಕ್ಕೆ ಒದಗುವ ಗತಿಗಾಗಿ ಲೇಖಕಿಯನ್ನು ಕ್ಷಮಿಸುವುದೂ ಇಲ್ಲ.

ಮಂತ್ರವಿದ್ಯೆಯ ವಿಷಯದಲ್ಲಿ ಈ ಪುಸ್ತಕ ತೋರಿಸುವ ಜಿಪುಣತನವನ್ನು ಮೆಚ್ಚುವವರೂ ಉಂಟು, ಹಳಿಯುವವರೂ ಉಂಟು. ರೋಕಿನ ಶಾಲೆಯಲ್ಲಿ ಹುಡುಗರು ದೂರದ ಒಂದು ಗೋಪುರಕ್ಕೆ ಹೋಗಿ, ನಾಮಾಚಾರ್ಯನ ಮುಂದೆ ತಣ್ಣನೆಯ ಕೊಠಡಿಯಲ್ಲಿ ಕುಳಿತು, ಪ್ರತಿಯೊಂದು ಭೂಶಿರದ, ಕೊಲ್ಲಿಯ, ಬಂಡೆಯ ನಿಜನಾಮಗಳ ಪಟ್ಟಿಯನ್ನು ಬಾಯಿಪಾಠ ಮಾಡಬೇಕು. ನಡುರಾತ್ರಿಗೆ ಶಾಯಿ ತಾನಾಗಿ ಅಳಿಸಿಹೋಗುತ್ತದೆ. ಅಮರಕೋಶವನ್ನು ಉರು ಹೊಡೆದ ನಮ್ಮ ಹಿರಿಯರು ಇದನ್ನು ಓದಿದ್ದರೆ ಆ ಹುಡುಗರ ಮೇಲೆ ಮರುಕಪಡುತ್ತಿದ್ದರೋ, ಅಷ್ಟೂ ಆಗದೆ ವಿದ್ಯೆ ಬಂದೀತೆ ಎಂದು ಗದರುತ್ತಿದ್ದರೋ ಹೇಳಲಾರೆ. ಇನ್ನೊಬ್ಬ ಆಚಾರ್ಯ ಬೆಣಚುಕಲ್ಲನ್ನು ವಜ್ರದಂತೆ ತೋರಿಸಿ, ಅದು ತೋರಿಕೆಯೇ ಹೊರತು ವಜ್ರವಲ್ಲವೆಂದೂ, ನಿಜವಾಗಿ ಬದಲಿಸಹೊರಟರೆ ಜಗತ್ತಿನ ಸಮತೋಲವನ್ನೇ ಕದಲಿಸಿದಂತಾಗುತ್ತದೆಂದೂ ಎಚ್ಚರಿಸುತ್ತಾನೆ. ಕಥೆಯ ಕೊನೆಯ ಭಾಗದಲ್ಲಿ ಗೆಳೆಯ ವೆಚ್‌ನ ಮನೆಯಲ್ಲಿ, ಒಲೆಯ ಬಳಿ ಪಯಣದ ಬುತ್ತಿಗೆ ರೊಟ್ಟಿ ಸುಡುತ್ತಿರುವ ಅವನ ತಂಗಿ, ಮಾಂತ್ರಿಕರಾದವರು ಹಸಿವಾದಾಗ ಒಂದು ಮಾತು ನುಡಿದು ಊಟವನ್ನು ಬರಿಸಿಕೊಳ್ಳಬಾರದೇಕೆಂದು ಕೇಳುತ್ತಾಳೆ. ರುಚಿಯೂ ಪರಿಮಳವೂ ಬಂದಾವು, ಹೊಟ್ಟೆ ತುಂಬಿದಂತೆಯೂ ತೋರೀತು, ಆದರೆ ಹಸಿದವನಿಗೆ ಬಲ ಬಾರದು ಎಂಬುದು ಅವಳಿಗೆ ಸಿಗುವ ಉತ್ತರದ ತಾತ್ಪರ್ಯ. ಮಂತ್ರದ ಮಿತಿಯನ್ನು ಇಷ್ಟು ಚೆನ್ನಾಗಿ ಕೇಳಿದವಳು ಅಡುಗೆಮನೆಯ ಹುಡುಗಿ ಎಂಬುದನ್ನು ಗಮನದಲ್ಲಿಡಬೇಕು. ಈ ಮಾತಿಗೆ ಮುಂದೆ ಮತ್ತೆ ಬರಬೇಕಾಗಿದೆ.

1997ರಲ್ಲಿ ಜೆ. ಕೆ. ರೌಲಿಂಗ್ ಅವರ ಹ್ಯಾರಿ ಪಾಟರ್ ಕಥೆಗಳು ಹೊರಡಲಾರಂಭಿಸಿದ ಮೇಲೆ ಈ ಮೊಕದ್ದಮೆಗೆ ಹೊಸ ಸಾಕ್ಷಿಗಳು ಬಂದರು. ಆ ಕಥೆಗಳಿಂದ ಇಲ್ಲಿಗೆ ಬಂದ ಮಕ್ಕಳಿಗೆ ರೋಕಿನ ಶಾಲೆಯಲ್ಲಿ ಆಟವಿಲ್ಲ, ಹಾಸ್ಯವಿಲ್ಲ, ತಿಂಡಿಯ ಅಂಗಡಿಯಿಲ್ಲ. ಅದೂ ಅಲ್ಲದೆ ನಾಯಕ ಕೆಲವೇ ಅಧ್ಯಾಯಗಳಲ್ಲಿ ಶಾಲೆಯನ್ನು ಬಿಟ್ಟು ಹೊರಟುಹೋಗುತ್ತಾನೆಂಬ ನಿರಾಶೆ. ಹಿರಿಯ ವಾಚಕರು ಅತ್ತ ಕಡೆಯಿಂದ, ಮಾಂತ್ರಿಕರ ಶಾಲೆಯೆಂಬ ಕಲ್ಪನೆಯನ್ನು ರೌಲಿಂಗ್ ಇಲ್ಲಿಂದಲೇ ಎತ್ತಿಕೊಂಡರೆಂದು ದೂರು ಹೇಳತೊಡಗಿದರು. ಲೆ ಗ್ವಿನ್ ಅವರು ಆ ದೂರಿಗೆ ದನಿಗೂಡಿಸಲಿಲ್ಲ. ಆ ಕಥೆಗಳು ಆ ವಯಸ್ಸಿನ ಮಕ್ಕಳಿಗೆ ಒಳ್ಳೆಯ ಆಹಾರವೇ ಸರಿ ಎಂದು ಒಪ್ಪಿ, ಆದರೆ ಶೈಲಿ ಸಾಧಾರಣ, ಕಲ್ಪನೆ ಪೂರ್ವಸೂರಿಗಳದು, ನೀತಿಯ ದೃಷ್ಟಿಯಲ್ಲಿ ಸಣ್ಣತನವಿದೆ ಎಂದು ತಮ್ಮ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ತಿಳಿಸಿದರು. ಅವರ ನಿಜವಾದ ಸಿಟ್ಟು, ಹಳೆಯ ಪರಂಪರೆಯನ್ನು ತಿಳಿಯದೆ ಇದು ಹಿಂದೆಂದೂ ಕಾಣದ ಹೊಸತೆಂದು ಹೊಗಳಿದ ವಿಮರ್ಶಕರ ಮೇಲೆ. ನನ್ನ ಮಟ್ಟಿಗೆ ಹೇಳುವುದಾದರೆ, ಎರಡೂ ಶಾಲೆಗಳಿಗೆ ಪ್ರವೇಶ ಪಡೆದ ಮಗುವಿಗೆ ನಷ್ಟವೇನೂ ಇಲ್ಲ. ಒಂದರ ಅಳತೆಗೋಲಿನಿಂದ ಇನ್ನೊಂದನ್ನು ಅಳೆಯುವ ದೊಡ್ಡವರಿಂದಲೇ ತೊಂದರೆ.

ಇನ್ನು ಬಣ್ಣದ ವಿಚಾರ. ಗೆಡ್ ಕೆಂಗಂದು ಮೈಬಣ್ಣದವನು, ವೆಚ್ ಕಡುಗಪ್ಪು, ದ್ವೀಪಲೋಕದ ಜನರಲ್ಲಿ ಬಹುಪಾಲು ಶ್ಯಾಮಲರೇ. ಹಳ್ಳಿಯ ಮೇಲೆ ದಾಳಿ ಮಾಡಿದ ಕ್ರೂರಿಗಳು ಮಾತ್ರ ಬಿಳಿಯ ಚರ್ಮದ, ಹಳದಿಗೂದಲಿನವರು. 1968ರ ಅಮೆರಿಕದಲ್ಲಿ ಹೀಗೆ ಬರೆದದ್ದು ಅಕಸ್ಮಾತ್ತಾಗಿ ಅಲ್ಲ. ಆದರೆ ಲೇಖಕಿ ಇದನ್ನು ಡಂಗುರ ಹೊಡೆದು ಸಾರದೆ, ಬಿಳಿಯ ವಾಚಕನು ಗೆಡ್ಡನ ಸುಖದುಃಖಗಳಲ್ಲಿ ಪೂರ್ತಿಯಾಗಿ ತೊಡಗಿಕೊಂಡ ಮೇಲೆ ಅವನ ಮೈಬಣ್ಣ ಮೆಲ್ಲಗೆ ಅರಿವಿಗೆ ಬರುವಂತೆ ಯುಕ್ತಿಯಿಂದ ಹೆಣೆದರು. ಯುಕ್ತಿ ಎಷ್ಟು ಸೂಕ್ಷ್ಮವಾಗಿತ್ತೆಂದರೆ ಅನೇಕ ವಾಚಕರಿಗೆ ಅದು ಗೊತ್ತಾಗಲೇ ಇಲ್ಲ! ಪ್ರಕಾಶಕರಿಗಂತೂ ಗೊತ್ತಾಗಬೇಕೆಂಬ ಇಚ್ಛೆಯೇ ಇರಲಿಲ್ಲ. ಮೊದಲ ಮುದ್ರಣಕ್ಕೆ ರೂತ್ ರಾಬಿನ್ಸ್ ಬರೆದ ಮುಖಪುಟದಲ್ಲಿ ತಾಮ್ರವರ್ಣದ ಮುಖವಿತ್ತು. ಆಮೇಲಿನ ಎಷ್ಟೋ ಆವೃತ್ತಿಗಳ ಮುಖಪುಟಗಳಲ್ಲಿ ಗೆಡ್ ಬೆಳ್ಳಗಾಗಿ ಹೋದ. ಕಂದುಬಣ್ಣದ ನಾಯಕನ ಚಿತ್ರವಿದ್ದರೆ ಪುಸ್ತಕ ಖರ್ಚಾಗದೆಂಬ ವ್ಯಾಪಾರದ ವಾದದ ಎದುರಿಗೆ ಲೇಖಕಿ ಹಲವು ವರ್ಷ ಹೋರಾಡಬೇಕಾಯಿತು.

2004ರ ಡಿಸೆಂಬರಿನಲ್ಲಿ ಅಮೆರಿಕದ ಸೈ ಫೈ ದೂರದರ್ಶನ ವಾಹಿನಿ ಅರ್ಥ್‌ಸೀ ಮಾಲೆಯ ಮೊದಲ ಎರಡು ಪುಸ್ತಕಗಳನ್ನು ಬೆರಸಿ ತಯಾರಿಸಿದ ಕಥಾನಕವನ್ನು ಪ್ರಸಾರ ಮಾಡಿದಾಗ ಈ ದೋಷ ಬಯಲಿಗೆ ಬಿದ್ದಿತು. ಒಗಿಯನ್ನನ ಪಾತ್ರಕ್ಕೆ ಡ್ಯಾನಿ ಗ್ಲೋವರ್ ಎಂಬ ಕರಿಯ ನಟರಿದ್ದರೂ ಗೆಡ್ಡನ ಪಾತ್ರವನ್ನು ಬಿಳಿಯ ನಟನಿಗೆ ವಹಿಸಲಾಗಿತ್ತು. ಲೆ ಗ್ವಿನ್ ಅವರು ‘ಸ್ಲೇಟ್’ ಪತ್ರಿಕೆಯಲ್ಲಿ, ತಮ್ಮ ದ್ವೀಪಗಳಿಗೆ ಸುಣ್ಣ ಬಳಿದಿದ್ದಾರೆಂಬ ಅರ್ಥದ ಶೀರ್ಷಿಕೆಯಿಟ್ಟು ತೀಕ್ಷ್ಣವಾದ ಲೇಖನವನ್ನು ಬರೆದರು. ಈ ಪುಸ್ತಕದ ಬಗ್ಗೆ ವಾಚಕರು ಹೇಳಿದ ಮಾತುಗಳಲ್ಲಿ ನನ್ನ ಮನಸ್ಸಿಗೆ ತೀರ ಹತ್ತಿರವಾದದ್ದು ಆ ಸಂದರ್ಭದಲ್ಲಿಯೇ ಹೊರಬಂದಿತು. ಪ್ಯಾಮ್ ನೋಲ್ಸ್ ಎಂಬ ಆಫ್ರಿಕನ್ ಅಮೆರಿಕನ್ ಲೇಖಕಿ 2006ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ, ತಾನು ಬಾಲ್ಯದಲ್ಲಿ ನೋಡುತ್ತಿದ್ದ ವಿಜ್ಞಾನಕಥೆಯ ಚಿತ್ರಗಳಲ್ಲಿ ನಮ್ಮಂಥವರು ಯಾರೂ ಇಲ್ಲವಲ್ಲ ಎಂದು ತಂದೆ ಎತ್ತಿ ತೋರಿಸುತ್ತಿದ್ದುದನ್ನೂ, ಆಮೇಲೆ ಈ ಕಾದಂಬರಿಯನ್ನು ಓದುತ್ತ ಓದುತ್ತ ಮಾಂತ್ರಿಕನಾದ ನಾಯಕನ ಮೈಬಣ್ಣ ತನ್ನ ಕಣ್ಣಿಗೆ ಬಿದ್ದಾಗ ಆದ ಅನುಭವವನ್ನೂ ವಿವರಿಸಿದ್ದಾರೆ. ಪ್ರಶಸ್ತಿಗಳೇನೋ ಈ ಲೇಖಕಿಗೆ ಸಾಕಷ್ಟು ಬಂದವು; 1969ರ ಬೋಸ್ಟನ್ ಗ್ಲೋಬ್–ಹಾರ್ನ್ ಬುಕ್ ಪುರಸ್ಕಾರ ಈ ಪುಸ್ತಕಕ್ಕೇ ದೊರೆಯಿತು. ಆದರೆ ಅಂಥ ಒಬ್ಬ ಬಾಲವಾಚಕಿಯ ಎದೆಯಲ್ಲಿ ಎದ್ದ ಬೆರಗಿನ ಮುಂದೆ ತೀರ್ಪುಗಾರರ ಮಂಡಲಿಯ ಮಾತು ಎಷ್ಟರದು?

ಮೂರನೆಯ ಆಕ್ಷೇಪವೇ ಎಲ್ಲಕ್ಕಿಂತ ಭಾರವಾದದ್ದು. ಈ ಕಥೆಯಲ್ಲಿ ಹೆಂಗಸರಿಗೆ ಸ್ಥಾನವೆಲ್ಲಿ? ರೋಕಿನ ಶಾಲೆಗೆ ಹುಡುಗಿಯರಿಗೆ ಪ್ರವೇಶವಿಲ್ಲ. ಹೆಂಗಸರ ಮಾಟ ದುರ್ಬಲವೆಂದೂ ದುಷ್ಟವೆಂದೂ ಹೇಳುವ ಗಾದೆಗಳು ಆ ದ್ವೀಪಗಳಲ್ಲಿ ರೂಢಿಯಲ್ಲಿವೆ. ಅವನ್ನು ಅಲ್ಲಗಳೆಯುವ ಒಂದು ಪಾತ್ರವೂ ಇಲ್ಲ. ಚಿಕ್ಕಮ್ಮ ಅಜ್ಞಾನಿ, ಉತ್ತರದ ಕೋಟೆಯ ಒಡತಿ ವಂಚಕಿ, ಒಳ್ಳೆಯವಳೆನ್ನಬಹುದಾದವಳು ಅಡುಗೆಮನೆಯಲ್ಲಿ ಜಾಣಪ್ರಶ್ನೆ ಕೇಳಿದ ವೆಚ್‌ನ ತಂಗಿಯೊಬ್ಬಳೇ, ಆಕೆಯನ್ನೂ ದಡದಲ್ಲಿ ಬಿಟ್ಟು ಗಂಡಸರಿಬ್ಬರು ದೋಣಿಯೇರಿ ಹೊರಟುಹೋಗುತ್ತಾರೆ. ಬರೆದವರು ಹೆಂಗಸಾಗಿ, ಹೀಗೇಕೆ? ಸ್ತ್ರೀಪರವಾದ ಚಿಂತನೆ ಅಮೆರಿಕದಲ್ಲಿ ಪ್ರಬಲವಾದ ಎಪ್ಪತ್ತರ ದಶಕದಿಂದ ಮುಂದಕ್ಕೆ ಈ ಪ್ರಶ್ನೆಯನ್ನು ವಾಚಕಿಯರು ಬಿಡದೆ ಕೇಳಿದರು, ಮತ್ತು ಆ ಪ್ರಶ್ನೆಯ ಎದುರಿಗೆ ಸಮರ್ಥನೆಯಿಲ್ಲ. ಆ ಕಾಲದ ರೂಢಿ ಹಾಗಿತ್ತೆಂಬ ಮಾತು ಕಾರಣವನ್ನು ಹೇಳುತ್ತದೆಯೇ ಹೊರತು ಪರಿಹಾರವನ್ನು ಹೇಳುವುದಿಲ್ಲ.

ಲೆ ಗ್ವಿನ್ ಅವರ ಹಿರಿಮೆ ಕಾಣುವುದು ಇಲ್ಲಿ. 1971ರಲ್ಲಿ ಬಂದ ‘ದಿ ಟೂಂಬ್ಸ್ ಆಫ್ ಅಟುವಾನ್’ ಎಂಬ ಎರಡನೆಯ ಪುಸ್ತಕದಲ್ಲಿಯೇ ಅವರು ಟೆನಾರ್ ಎಂಬ ಹುಡುಗಿಯನ್ನು ನಾಯಿಕೆಯಾಗಿಸಿದ್ದರು. 1972ರ ‘ದಿ ಫಾರ್ದೆಸ್ಟ್ ಶೋರ್’ ಪುನಃ ಗಂಡಸರ ಯಾತ್ರೆ. ಅದಕ್ಕೆ ಮರುವರ್ಷ ನ್ಯಾಷನಲ್ ಬುಕ್ ಅವಾರ್ಡ್ ಬಂದು, ತ್ರಿವಳಿ ಮುಗಿಯಿತೆಂದು ಎಲ್ಲರೂ ನಂಬಿದರು. ಹದಿನೆಂಟು ವರ್ಷಗಳ ಮೌನದ ಅನಂತರ, 1990ರಲ್ಲಿ, ‘ಟೆಹಾನು’ ಹೊರಬಂದಿತು. ಇದರಲ್ಲಿ ಟೆನಾರ್ ನಡುವಯಸ್ಸಿನ ವಿಧವೆ, ಗಾಂಟಿನಲ್ಲಿ ಹೊಲ ಮನೆ ನೋಡಿಕೊಂಡಿರುವವಳು. ಕ್ರೂರಿಗಳಾದ ಸ್ವಂತ ಜನರೇ ಬೆಂಕಿಗೆ ನೂಕಿದ್ದರಿಂದ ಮುಖದ ಒಂದು ಪಾರ್ಶ್ವವೂ ಒಂದು ಕೈಯೂ ಸುಟ್ಟುಹೋದ ಹೆಣ್ಣುಮಗುವೊಂದನ್ನು ಸಾಕಿಕೊಂಡಿದ್ದಾಳೆ. ಮಹಾಮಾಂತ್ರಿಕನಾದ ಗೆಡ್ ಹಿಂತಿರುಗುತ್ತಾನೆ, ಆದರೆ ಮಂತ್ರಶಕ್ತಿಯೆಲ್ಲವನ್ನೂ ಕಳೆದುಕೊಂಡು, ನಾಚಿಕೆಯಿಂದ ತಲೆತಗ್ಗಿಸಿಕೊಂಡು, ಆಡು ಮೇಯಿಸುವವನಾಗಿ. ಟೆನಾರಳ ಮಗ ದೂರದ ಕಡಲುಗಳನ್ನು ಸುತ್ತಿ ಮನೆಗೆ ಬಂದವನು, ಉಂಡ ತಟ್ಟೆಯನ್ನು ಎತ್ತುವುದು ಹೆಂಗಸರ ಕೆಲಸವೆಂದು ಕುಳಿತುಬಿಡುತ್ತಾನೆ. ಮಹಾಸರ್ಪಗಳ, ಮೃತ್ಯುದ್ವಾರಗಳ ಕಥೆಯಲ್ಲಿ ಎಂಜಲು ತಟ್ಟೆಯ ಪ್ರಶ್ನೆ ಎದ್ದು ನಿಂತದ್ದು ಬಹುಶಃ ಇದೇ ಮೊದಲು.

ಇದನ್ನು ಓದಿದ ಹಳೆಯ ಅಭಿಮಾನಿಗಳ ಕೋಪ ಇಂದಿಗೂ ಪೂರ್ತಿ ಆರಿಲ್ಲ. ಬಾಲ್ಯದಲ್ಲಿ ಆರಾಧಿಸಿದ ವೀರನನ್ನು ಹೀಗೆ ಕೆಳಕ್ಕೆ ಇಳಿಸಬಹುದೆ, ಸುಂದರವಾದ ಕಥೆಯೊಳಕ್ಕೆ ವಾದವನ್ನು ತುರುಕಬಹುದೆ, ಮಕ್ಕಳ ಪುಸ್ತಕದ ಮುಂದಿನ ಭಾಗದಲ್ಲಿ ಇಂಥ ಹಿಂಸೆಯನ್ನು ತರಬಹುದೆ ಎಂದು ಅವರ ಆಕ್ಷೇಪ. ಎದುರುಪಕ್ಷದವರು, ಅದರಲ್ಲಿಯೂ ಮೊದಲ ಪುಸ್ತಕವನ್ನು ಓದಿ ತಮಗೆ ಅಲ್ಲಿ ಜಾಗವಿಲ್ಲವೆಂದು ನೊಂದಿದ್ದ ವಾಚಕಿಯರು, ಆರು ಸಂಪುಟಗಳಲ್ಲಿ ಇದೇ ಶ್ರೇಷ್ಠವೆಂದು ಸಾರಿದರು. ವಿಜ್ಞಾನಕಥೆಗಾರರ ಸಂಘದವರು ನೆಬ್ಯುಲಾ ಪ್ರಶಸ್ತಿಯನ್ನು ಕೊಟ್ಟರು. 1992ರಲ್ಲಿ ಆಕ್ಸ್‌ಫರ್ಡಿನಲ್ಲಿ ಮಾಡಿದ ಉಪನ್ಯಾಸದಲ್ಲಿ ಲೆ ಗ್ವಿನ್ ಅವರು, ವೀರಕಥೆಯೆಂದರೆ ಗಂಡಸಿನ ಕಥೆಯೆಂಬ ಪರಂಪರೆಯ ಕಟ್ಟನ್ನು ತಾವು ಎಳವೆಯಲ್ಲಿ ಪ್ರಶ್ನಿಸದೆಯೇ ಒಪ್ಪಿಕೊಂಡಿದ್ದುದನ್ನು ನೇರವಾಗಿ ಎತ್ತಿಕೊಂಡು ವಿಚಾರ ಮಾಡಿದರು. ಹಳೆಯ ಪುಸ್ತಕವನ್ನು ತಿದ್ದಿ ಹೊಸ ಮುದ್ರಣ ತರುವುದು ಸುಲಭವಾಗಿತ್ತು. ಅವರು ಹಾಗೆ ಮಾಡದೆ, ಬರೆದದ್ದನ್ನು ಇದ್ದ ಹಾಗೆಯೇ ಬಿಟ್ಟು, ಅದೇ ದ್ವೀಪದ ಅದೇ ಬೆಟ್ಟದ ಬದಿಯಲ್ಲಿ ನಿಂತು ಅದೇ ಲೋಕವನ್ನು ಹೆಂಗಸಿನ ಕಣ್ಣಿನಿಂದ ನೋಡಿದರು. ವಾಚಕರ ಅಭಿಪ್ರಾಯಕ್ಕೆ ಲೇಖಕರು ಕೊಡಬಹುದಾದ ಉತ್ತರಗಳಲ್ಲಿ ಇದಕ್ಕಿಂತ ಗೌರವದ್ದನ್ನು ನಾನು ಕಂಡಿಲ್ಲ. ‘ಟೆಹಾನು’ವಿನ ಕೆಲವು ಪುರುಷಪಾತ್ರಗಳು ಕೇವಲ ದುಷ್ಟತನದ ಬೊಂಬೆಗಳಾಗಿವೆಯೆಂಬ ದೂರಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಗೆಡ್ಡನನ್ನು ಕೆಳಕ್ಕಿಳಿಸಿದರೆಂಬ ಕೂಗು ಮಾತ್ರ, ಆಡು ಕಾಯುವುದು ಅವಮಾನವೆಂದು ತಿಳಿದವರ ಕೂಗು. ಅವನು ಆರಂಭದಲ್ಲಿ ಆಡು ಕಾಯುತ್ತಿದ್ದವನೇ.

‘ಟೆಹಾನು’ವಿನ ಮೊದಲ ಮುದ್ರಣಕ್ಕೆ ಅರ್ಥ್‌ಸೀಯ ಕೊನೆಯ ಪುಸ್ತಕವೆಂದು ಉಪಶೀರ್ಷಿಕೆಯಿತ್ತು. ಲೇಖಕಿಯ ಆ ಮಾತನ್ನು ದ್ವೀಪಗಳು ಮನ್ನಿಸಲಿಲ್ಲ. 2001ರಲ್ಲಿ ಇನ್ನೆರಡು ಪುಸ್ತಕಗಳು ಬಂದವು.

ಜಪಾನಿನ ಚಲನಚಿತ್ರದ ಪ್ರಸಂಗವನ್ನೂ ಹೇಳಿಬಿಡುತ್ತೇನೆ. ಹಯಾವೊ ಮಿಯಾಜಾಕಿ ಎಂಬ ಪ್ರಸಿದ್ಧ ಆನಿಮೇಷನ್ ನಿರ್ದೇಶಕರು ಎಂಬತ್ತರ ದಶಕದ ಆರಂಭದಲ್ಲಿ ಈ ಕಥೆಯನ್ನು ಚಿತ್ರ ಮಾಡಲು ಅನುಮತಿ ಕೇಳಿದಾಗ, ಅವರ ಕೃತಿಗಳನ್ನು ಆಗ ಅರಿಯದಿದ್ದ ಲೆ ಗ್ವಿನ್ ಒಪ್ಪಲಿಲ್ಲ. ಆಮೇಲೆ ಅವರ ‘ಟೊಟೊರೊ’ವನ್ನು ನೋಡಿ ಮನಸೋತು ಒಪ್ಪಿದರೆ, ಚಿತ್ರವನ್ನು ಮಾಡಿದವರು ಮಗ ಗೋರೊ ಮಿಯಾಜಾಕಿ. 2006ರಲ್ಲಿ ತೆರೆಗೆ ಬಂದ ಆ ಚಿತ್ರವನ್ನು ನೋಡಿದ ಲೇಖಕಿ, ದೃಶ್ಯಗಳ ಸೊಗಸನ್ನು ಮೆಚ್ಚಿದರೂ, ಕೇಡನ್ನೆಲ್ಲ ಒಬ್ಬ ಖಳನ ಮೇಲೆ ಹೊರಿಸಿ ಅವನನ್ನು ಕೊಂದುಬಿಟ್ಟರೆ ಎಲ್ಲ ಪರಿಹಾರವಾಗುತ್ತದೆಂದು ತೋರಿಸಿದ್ದನ್ನು ಒಪ್ಪಲಿಲ್ಲ. ಅವರ ಪುಸ್ತಕಗಳಲ್ಲಿ ಅಂಥ ಖಳನಿಲ್ಲ. ಪೆಂಡರ್ ದ್ವೀಪದ ಮುದಿ ಡ್ರ್ಯಾಗನ್ ಗೆಡ್ಡನ ಮುಂದೆ ಒಡ್ಡುವುದು ಅವನಿಗೆ ಜಗತ್ತಿನಲ್ಲಿ ಅತ್ಯಂತ ಬೇಕಾದುದನ್ನು, ನೆರಳಿನ ಹೆಸರನ್ನು. ಅದನ್ನು ನಿರಾಕರಿಸಿ, ಬಡ ಬೆಸ್ತರ ದ್ವೀಪಗಳಿಗೆ ನಿನ್ನ ಸಂತತಿ ಎಂದೂ ಬರಕೂಡದೆಂದು ಆಣೆ ಮಾಡಿಸಿಕೊಂಡು ಅವನು ಹಿಂತಿರುಗುತ್ತಾನೆ. ಕಾದಾಟವನ್ನು ಬಯಸುವ ವಾಚಕರು ಈ ಒಂದು ಪ್ರಕರಣವನ್ನು ಎರಡು ಸಲ ಓದಬೇಕೆಂದು ನನ್ನ ಸೂಚನೆ.

ಹಾಗಾದರೆ ನಮ್ಮ ಮಕ್ಕಳ ಕೈಗೆ ಇದನ್ನು ಯಾವಾಗ ಕೊಡಬೇಕೆಂದು ಕೇಳುವ ತಂದೆತಾಯಿಗಳಿಗೆ ಹೇಳಬಹುದಾದದ್ದು ಇಷ್ಟು. ಇಂಗ್ಲಿಷನ್ನು ಸರಾಗವಾಗಿ ಓದಬಲ್ಲ ಹನ್ನೆರಡು ಹದಿಮೂರರ ಮಗುವಿಗೆ ಮೊದಲ ಪುಸ್ತಕ ತಕ್ಕದ್ದು. ಇನ್ನೂರು ಪುಟಗಳ ಆಸುಪಾಸಿನದು. ಮೊದಲೆರಡು ಅಧ್ಯಾಯಗಳನ್ನು ನೀವೇ ಗಟ್ಟಿಯಾಗಿ ಓದಿ ಹೇಳಿ, ಮಳೆಯ ಪ್ರಕರಣ ದಾಟಿದ ಮೇಲೆ ಪುಸ್ತಕವನ್ನು ಅದರ ಕೈಗೆ ಬಿಡಿ. ಬೇಸರವೆಂದು ಮುಚ್ಚಿಟ್ಟರೆ ಒತ್ತಾಯ ಬೇಡ. ಹೆಣ್ಣುಮಗುವಾದರೆ ಎರಡನೆಯ ಪುಸ್ತಕವನ್ನೂ ಜೊತೆಯಲ್ಲಿಯೇ ತಂದಿಡುವುದು ಲೇಸು, ಗಂಡುಮಗುವಾದರೂ ಲೇಸೇ. ‘ಟೆಹಾನು’ವಿಗೆ ಮಾತ್ರ ಅವಸರ ಮಾಡಬೇಡಿ, ಅದು ಮಕ್ಕಳು ಬೆಳೆದು ಮನೆಗೆಲಸದ ಪಾಲನ್ನು ಕುರಿತು ಜಗಳವಾಡುವ ವಯಸ್ಸಿಗೆ ಬಂದ ಮೇಲೆ ಓದತಕ್ಕ ಪುಸ್ತಕ. ಲೆ ಗ್ವಿನ್ ಅವರು 2018ರ ಜನವರಿಯಲ್ಲಿ ತೀರಿಕೊಂಡರು. ಅದೇ ವರ್ಷ ಚಾರ್ಲ್ಸ್ ವೆಸ್ ಅವರ ಚಿತ್ರಗಳೊಡನೆ ಆರು ಪುಸ್ತಕಗಳೂ ಒಂದೇ ರಟ್ಟಿನೊಳಗೆ ಹೊರಬಂದಿವೆ. ನೋಡಲು ಭವ್ಯವಾದ ಸಂಪುಟ, ಎತ್ತಲು ಕಲ್ಲಿನಷ್ಟು ಭಾರ. ಅದನ್ನು ದೊಡ್ಡವರು ಕೊಂಡುಕೊಳ್ಳಲಿ. ಮಕ್ಕಳಿಗೆ ಮೊದಲ ಪುಸ್ತಕದ ಬಿಡಿಪ್ರತಿಯನ್ನು ತಂದುಕೊಡಿ.